ನೆರಿಡಾಳ ಸ್ಪ್ಯಾನಿಯಲ್

ಪಾದ್ರಿ "ಎಲ್ಲರೂ ಎದ್ದು ನಿಲ್ಲಿ" ಎಂದು ಬಾಯಿ ಮುಚ್ಚುವ ಮೊದಲೇ ಮುಂದಿನ ಸಾಲಿನಲ್ಲಿದ್ದ ನಾಯಿ ಎದ್ದು ನಿಂತಿತು. ಡಲ್ಸಿ ಹಾಡಿನ ಪುಸ್ತಕ ತೆರೆಯುವುದನ್ನು ಬಿಟ್ಟು, ನಾಯಿಯ ಪಕ್ಕದಲ್ಲಿದ್ದ ಆಲ್ಬಿಯ ಕೈಯನ್ನೇ ನೋಡಿದಳು. ಒಂದು ಬೆರಳೂ ಅಲುಗಿದಂತೆ ಕಾಣಲಿಲ್ಲ.

"ನೋಡಿದ್ಯೇನೇ?" ಎಂದು ಪಕ್ಕದಲ್ಲಿದ್ದ ಗೆಳತಿ ಎಡ್ನಾಳನ್ನು ತಿವಿದಳು. "ಹೆಂಡ್ತಿ ಪೆಟ್ಟಿಗೇಲಿ ಮಲಗಿದಾಳೆ, ಇವನು ಇವತ್ತೂ ನಾಯಿಗೆ ಸನ್ನೆ ಮಾಡ್ತಿದಾನೆ."

"ಸುಮ್ನಿರೇ ಮಾರಾಯ್ತಿ. ಸತ್ತವಳ ಮುಂದೆ ಏನಿದು?"

"ಸತ್ತ ಮಾತ್ರಕ್ಕೆ ಮಾಡಿದ ಮೋಸ ಅಳಿಸಿಹೋಗುತ್ತಾ?"

ಹಾರ್ಶಮ್ ಊರಿನ ನಾಯಿ ಕ್ಲಬ್ಬಿನವರೆಲ್ಲ ಬಂದಿದ್ದರು. ತೀರಿಹೋದ ನೆರಿಡಾ ಸ್ಪ್ಯಾನಿಯಲ್‌ಗಳನ್ನು ಪಳಗಿಸಿ ವಿಧೇಯತೆಯ ಸ್ಪರ್ಧೆಗೆ ಇಳಿಸುತ್ತಿದ್ದವಳು. ಸ್ಪ್ಯಾನಿಯಲ್ ಎಂದರೆ ಮೂಗು ಹೋದತ್ತ ಮೈ ಹೋಗುವ ಜಾತಿ. ಹುಲ್ಲಿನಲ್ಲಿ ಮೊಲದ ವಾಸನೆ ಸಿಕ್ಕರೆ ಒಡತಿ ಯಾರೆಂಬುದೇ ಮರೆತುಹೋಗುತ್ತದೆ. ಡಲ್ಸಿಯ ನಾಯಿಗಳು ಹಾಗೆ ಎಷ್ಟೋ ಸಲ ಕಣ ಬಿಟ್ಟು ಓಡಿ ಅವಳನ್ನು ನಗೆಪಾಟಲು ಮಾಡಿದ್ದವು. ಈಗ ಮುಂದಿನ ಸಾಲಿನಲ್ಲಿದ್ದ ನೆರಿಡಾಳ ಟ್ಯಾನ್ಸಿ ಮಾತ್ರ ಅವಳ ಎಡಮೊಣಕಾಲಿಗೆ ಹೊಲಿದಂತೆ ನಡೆಯುತ್ತಿತ್ತು.

*

ಹಿಂದೊಮ್ಮೆ ಬಲಾರಟ್‌ನ ಸ್ಪರ್ಧೆಯಲ್ಲಿ ಡಲ್ಸಿ ಹಗ್ಗದ ಬಳಿ ನಿಂತು ಕಣ್ಣಾರೆ ಕಂಡಿದ್ದಳು. ತೀರ್ಪುಗಾರ ಕೂಗಿದಂತೆ ಒಡತಿ ನಡೆಯಬೇಕು, ತಿರುಗಬೇಕು, ನಿಲ್ಲಬೇಕು; ನಾಯಿ ಅವಳನ್ನು ನೋಡಿ ಹಿಂಬಾಲಿಸಬೇಕು, ಅವಳು ನಿಂತರೆ ಕೂರಬೇಕು. ತೀರ್ಪುಗಾರ "ನಿಲ್ಲಿ" ಎಂದ. ಮೊದಲು ನಾಯಿ ಕುಳಿತಿತು. ನೆರಿಡಾ ನಿಂತದ್ದು ಆಮೇಲೆ. ಒಡತಿಗಿಂತ ಮೊದಲು ನಾಯಿಗೆ ತಿಳಿಯುವುದೆಂದರೇನು? ಕಣದ ಹೊರಗೆ ಅವಳ ಗಂಡ ಆಲ್ಬಿ ಕೈಕಟ್ಟಿ ನಿಂತಿದ್ದ. ಅವನೇ ನಾಯಿಗೆ ಸನ್ನೆ ಮಾಡುತ್ತಿದ್ದಾನೆಂದು ಡಲ್ಸಿ ನೇರ ಹೋಗಿ ದೂರು ಕೊಟ್ಟಳು. ಆಲ್ಬಿಯನ್ನು ದೂರದಲ್ಲಿ ಕಾರಿನೊಳಗೆ ಕೂರಿಸಿ, ನೆರಿಡಾಳನ್ನೂ ನಾಯಿಯನ್ನೂ ಇನ್ನೊಮ್ಮೆ ನಡೆಸಿದರು. ಟ್ಯಾನ್ಸಿ ಮೊದಲಿಗಿಂತ ಚೆನ್ನಾಗಿ ನಡೆದು ಗೆದ್ದಿತು.

ಸಂಜೆ ನೆರಿಡಾ ನಾಯಿಯನ್ನು ಕಾರಿಗೆ ಹತ್ತಿಸಿ ಬಾಗಿಲು ಹಾಕುತ್ತಿದ್ದಳು. ಡಲ್ಸಿ ಮನಸ್ಸು ಗಟ್ಟಿಮಾಡಿ ಅವಳ ಬೆನ್ನ ಹಿಂದೆ ನಿಂತು, "ತಪ್ಪಾಯ್ತು ಕಣೇ" ಎಂದಳು. ನೆರಿಡಾ ತಿರುಗಿಯೂ ನೋಡದೆ ಕಾರು ಹತ್ತಿ ಹೊರಟೇಹೋದಳು.

ಆ ಸೊಕ್ಕು ಡಲ್ಸಿಯ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಅನುಮಾನವೂ ಮತ್ತೆ ಚಿಗುರಿತು.

*

ಮಣ್ಣು ಮಾಡಿ ಎಲ್ಲರೂ ಆಲ್ಬಿಯ ಮನೆಗೆ ಬಂದರು. ಸಾಸೇಜ್ ರೋಲ್, ಚಹಾ. ಟ್ಯಾನ್ಸಿ ಮೇಜಿನಡಿ ಮಲಗಿತ್ತು. ಡಲ್ಸಿ ಕಪ್ಪು ಹಿಡಿದು ಆಲ್ಬಿಯ ಎದುರಿಗೇ ಕೂತಳು.

"ಇನ್ನಾದ್ರೂ ಹೇಳಿಬಿಡಿ ಆಲ್ಬಿ. ಸನ್ನೆ ಹೇಗೆ ಮಾಡ್ತಿದ್ರಿ?"

ಎಡ್ನಾ ಅವಳ ತೋಳು ಜಗ್ಗಿದಳು. ಆಲ್ಬಿಗೆ ಸಿಟ್ಟು ಬರಲಿಲ್ಲ.

"ಸನ್ನೆ ಇತ್ತು," ಎಂದ.

"ನಾನು ಹೇಳ್ಲಿಲ್ವಾ!"

"ನಾನು ನಾಯಿಗೆ ಮಾಡ್ತಿರಲಿಲ್ಲ. ನಾಯಿ ನೆರಿಡಾಗೆ ಮಾಡ್ತಿತ್ತು. ಅವಳಿಗೆ ಕಿವಿ ಪೂರಾ ಹೋಗಿತ್ತು, ಡಲ್ಸಿ. ತೀರ್ಪುಗಾರ ಕೂಗಿದ್ದು ಟ್ಯಾನ್ಸಿಗೆ ಕೇಳ್ತಿತ್ತು. ಅದು ಕೂತ್ರೆ ಇವಳು ನಿಲ್ತಿದ್ಲು, ಅದು ತಿರುಗಿದ್ರೆ ಇವಳೂ ತಿರುಗ್ತಿದ್ಲು. ಹಾಗೇ ಪಳಗಿಸಿದ್ಲು."

"ನನ್ ಜೊತೆ ಚೆನ್ನಾಗೇ ಮಾತಾಡ್ತಿದ್ಲಲ್ಲ?"

"ತುಟಿ ನೋಡ್ಕೊಂಡು. ಎದುರಿಗಿದ್ರೆ ಎಲ್ಲ ತಿಳೀತಿತ್ತು. ಯಾರಿಗೂ ಹೇಳ್ಬೇಡಿ ಅಂತಿದ್ಲು. ಮೋಸಗಾತಿ ಅಂದ್ರೂ ಅನ್ನಲಿ, 'ಪಾಪ' ಅನ್ನೋದು ಬೇಡ ಅಂತ."

"ಬೆನ್ನ ಹಿಂದೆ ನಿಂತು ಏನಾದ್ರೂ ಹೇಳಿದ್ರೆ?"

"ಏನೂ ಕೇಳ್ತಿರಲಿಲ್ಲ."

ಡಲ್ಸಿ ಅವನ ಮುಖವನ್ನೇ ದಿಟ್ಟಿಸಿದಳು. "ಸುಳ್ಳು," ಎಂದಳು. "ನನ್ನ ಬಾಯಿ ಮುಚ್ಚಿಸೋಕೆ ಹೇಳ್ತಿದೀರಿ."

ಆಗ ಹೊರಬಾಗಿಲ ಗಂಟೆ ಸದ್ದಾಯಿತು.

ಏಳಲು ಹೋದ ಎಡ್ನಾಳನ್ನು ಆಲ್ಬಿ ಕೈಯೆತ್ತಿ ತಡೆದ. ಟ್ಯಾನ್ಸಿ ಮೇಜಿನಡಿಯಿಂದ ಎದ್ದು, ಬಾಗಿಲತ್ತ ಹೋಗದೆ ನೆರಿಡಾಳ ಮಲಗುವ ಕೋಣೆಗೆ ಓಡಿತು. ಹೊರಬಂದು ಅಡುಗೆಮನೆಗೆ ಹೋಯಿತು, ಹಿತ್ತಿಲಿಗೆ ಹೋಯಿತು. ಮತ್ತೆ ಒಳಬಂದು ಕೂತವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಂತು. ಗಂಟೆ ಮತ್ತೆ ಸದ್ದಾಯಿತು. ನಾಯಿ ಡಲ್ಸಿಯ ಮುಂದೆ ನಿಂತು, ಅವಳ ಮೊಣಕಾಲನ್ನು ಮೂಗಿನಿಂದ ಒತ್ತಿತು. ಬಾಗಿಲತ್ತ ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿತು.

ಡಲ್ಸಿ ಕಪ್ಪನ್ನು ನೆಲದ ಮೇಲಿಟ್ಟು ಅದರ ಹಿಂದೆ ಹೊರಟಳು. ಅವಳು ಬರುತ್ತಿದ್ದಾಳೋ ಇಲ್ಲವೋ ಎಂದು ನಾಯಿ ಮತ್ತೆ ಮತ್ತೆ ತಿರುಗಿ ನೋಡುತ್ತ, ನಿಧಾನವಾಗಿ ಮುಂದೆ ನಡೆಯಿತು.