ಕೆಳಗಿನ ಮುಳ್ಳು

ಬಾರ್ಲಿ ರೊಟ್ಟಿಯನ್ನು ಮಣ್ಣಿನ ಹೆಂಚಿಗೆ ಹಾಕಿ ಇಜ್ಜಾ ಅದರ ಅಂಚನ್ನು ಬೆರಳ ತುದಿಯಿಂದ ಒತ್ತುತ್ತಿದ್ದಳು. ಒಂದು ಮಗ್ಗುಲೂ ಇನ್ನೂ ಬೆಂದಿರಲಿಲ್ಲ. ಅಷ್ಟರಲ್ಲಿ ಅಂಗಳದಿಂದ ದ್ರಿಸ್ ಕೂಗಿದ.

"ಲಲ್ಲಾ ಇಜ್ಜಾ! ಸ್ವಲ್ಪ ಬಂದು ಹೋಗ್ತೀರಾ?"

"ರೊಟ್ಟಿ ಹೆಂಚಿನ ಮೇಲಿದೆ, ಸಿ ದ್ರಿಸ್. ಒಳಗೆ ಬನ್ನಿ, ಬಿಸಿಬಿಸಿ ತಿನ್ನೋರಂತೆ."

ಅವನು ಒಳಗೆ ಬರಲಿಲ್ಲ. ಅಣೆಕಟ್ಟೆಯ ನೀರಿನ ಬಾಗಿಲು ಕಾಯುವ ದ್ರಿಸ್ ತಿನ್ನಲು ಕರೆದರೆ ಬೇಡವೆನ್ನುವ ಆಸಾಮಿಯಲ್ಲ. ಇಜ್ಜಾ ಹೆಂಚನ್ನು ಒಲೆಯಿಂದ ಇಳಿಸಿ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅವನು ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಕೆಳಗಿನ ಮುಳ್ಳು ಇಳಿದಿದೆ," ಎಂದ, ತಗ್ಗಿದ ದನಿಯಲ್ಲಿ.

ಕಟ್ಟೆಯ ಮಾಪಕಗಳನ್ನು ನೋಡಿಕೊಳ್ಳುವ ಕೆಲಸ ಇಜ್ಜಾಳದು. ಮೊಳೆಗೆ ತೂಗುಹಾಕಿದ್ದ ಕೀಲಿಗೊಂಚಲನ್ನು ಎತ್ತಿ ಕೊರಳಿಗೆ ಹಾಕಿಕೊಂಡಳು. ಮಗಳು ತೂದಾ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು.

"ನೀನೆಲ್ಲಿಗೆ?"

"ನಿನ್ನೆ ಅಪ್ಪನ ಜೊತೆ ಹೊಳೆಗೆ ಹೋಗ್ತೀನಿ ಅಂದ್ರೆ ಬಿಡಲಿಲ್ಲ. ನಿನ್ನ ಜೊತೆಗಾದ್ರೂ ಬರ್ತೀನಿ, ಇಮ್ಮಾ."

ಕಟ್ಟೆಯ ಮೇಲೆ ಗಾಳಿ ಇರಲಿಲ್ಲ. ಎಡಕ್ಕೆ ಕೆರೆಯ ನೀರು, ಕೆರೆ ತುಂಬಿತೆಂದು ತೋರಿಸುವ ಗೋಡೆಯ ಕೆಂಪು ಗೆರೆಯನ್ನು ಮುಟ್ಟಿ ನಿಂತಿತ್ತು. ತೂದಾ ಹುಟ್ಟಿದ ಮೇಲೆ ಆ ಗೆರೆ ಒದ್ದೆಯಾಗಿದ್ದು ಇದೇ ಮೊದಲು. ಬಲಕ್ಕೆ, ಬಹಳ ಕೆಳಗೆ, ಒಣಗಿದ ಹೊಳೆಯ ಪಾತ್ರದಲ್ಲಿ ಗುಡಾರಗಳು ಎದ್ದಿದ್ದವು. ವರ್ಷಗಳ ಮೇಲೆ ನೀರು ಬರುವಾಗ ಮನೆಯಲ್ಲಿ ಕೂತು ಕಾಯಬಾರದು, ಹೊಳೆಯ ಪಾತ್ರಕ್ಕೇ ಹೋಗಿ ಕರೆತರಬೇಕು ಎಂಬುದು ಆ ಕಣಿವೆಯವರ ನಡಾವಳಿ. ನಾಳೆ ಬೆಳಿಗ್ಗೆ ದ್ರಿಸ್ ಬಾಗಿಲನ್ನು ಅಂಗೈಯಗಲ ಎತ್ತುತ್ತಾನೆ. ಮುದುಕಿಯರು ಮದರಂಗಿ ಹಚ್ಚಿದ ಪಾದಗಳಲ್ಲಿ, ನೀರಿನ ಮೊದಲ ಎಳೆಗೆ ಬೆನ್ನು ಹಾಕದೆ, ಹಿಂದಕ್ಕೆ ನಡೆಯುತ್ತ ಅದನ್ನು ಹೊಲದವರೆಗೆ ಕರೆದೊಯ್ಯುತ್ತಾರೆ. ಇಜ್ಜಾಳ ಅತ್ತೆಯೂ ಅವರಲ್ಲೊಬ್ಬಳು. ಗಂಡ ಮೊಹಾ ನಿನ್ನೆಯೇ ಗುಡಾರದ ಕಂಬಗಳನ್ನು ಕತ್ತೆಯ ಮೇಲೆ ಹೇರಿಕೊಂಡು ಹೋಗಿದ್ದ.

ಕಟ್ಟೆಯ ಹೊಟ್ಟೆಯೊಳಗಿನ ಸುರಂಗಕ್ಕೆ ಮೆಟ್ಟಿಲುಗಳಿದ್ದವು. ಇಳಿದಷ್ಟೂ ತಣ್ಣಗೆ. ತೂದಾ ಗೋಡೆಗೆ ಅಂಗೈ ಆನಿಸಿಕೊಂಡೇ ಇಳಿದಳು. ಗೋಡೆಯಾಚೆ ಕೆರೆ ಇದೆಯೆಂದು ಅವಳಿಗೆ ಗೊತ್ತು.

ಸುರಂಗದ ಕೊನೆಯಲ್ಲಿ ಒಂದರ ಕೆಳಗೊಂದು ಮೂರು ಗಡಿಯಾರದಂಥ ಮಾಪಕಗಳು. ನೀರಲ್ಲಿ ಮುಳುಗಿರುವ ಉಕ್ಕಿನ ಬಾಗಿಲಿನ ಮೇಲ್ಭಾಗ, ನಡು, ಬುಡ ಈ ಮೂರೂ ಕಡೆಯಿಂದ ಸಣ್ಣ ಕೊಳವೆಗಳು ಬಂದು ಅವುಗಳಿಗೆ ಸೇರುತ್ತಿದ್ದವು. ಬಾಗಿಲಿನ ಮೇಲೆ ನೀರು ಎಲ್ಲೆಲ್ಲಿ ಎಷ್ಟು ಒತ್ತುತ್ತಿದೆ ಎಂದು ಮುಳ್ಳುಗಳು ತೋರಿಸುತ್ತವೆ. ಚಳಿಗಾಲದಲ್ಲಿ ಇಜ್ಜಾ ಇದನ್ನು ಮಗಳಿಗೆ ಕಂಬಳಿಗಳ ಲೆಕ್ಕದಲ್ಲಿ ಹೇಳಿಕೊಟ್ಟಿದ್ದಳು. ಹತ್ತು ಕಂಬಳಿ ಪೇರಿಸಿ ಅಡಿಯಲ್ಲಿ ಮಲಗಿದವನಿಗೆ ಎಲ್ಲಕ್ಕಿಂತ ಹೆಚ್ಚು ಭಾರ. ಹಾಗೆಯೇ ಕೆಳಗಿನ ಮುಳ್ಳು ಯಾವಾಗಲೂ ಎಲ್ಲಕ್ಕಿಂತ ಹೆಚ್ಚು ತೋರಿಸಬೇಕು.

ಈಗ ಅದು ನಡುವಿನದಕ್ಕಿಂತ ಕಡಿಮೆ ತೋರಿಸುತ್ತಿತ್ತು.

"ಒತ್ತೋದು ಕಡಿಮೆ ಆಗಿದ್ರೆ ಒಳ್ಳೇದೇ ಅಲ್ವಾ, ಲಲ್ಲಾ? ಬಾಗಿಲಿಗೂ ಉಸಿರಾಡೋಕೆ ಪುರುಸೊತ್ತು," ಎಂದು ದ್ರಿಸ್ ನಕ್ಕ. ಸುರಂಗದಲ್ಲಿ ಆ ನಗು ಬೇರೆ ಯಾರದೋ ನಗುವಿನಂತೆ ಹಿಂದಿರುಗಿತು.

"ಇಮ್ಮಾ, ಆವತ್ತು ನೀನು ಕುರಿ..." ಎಂದು ತೂದಾ ಬಾಯಿ ತೆರೆದಳು.

"ಸುಮ್ನಿರು ಮಗಳೇ. ಆಮೇಲೆ."

ಹಿಂದೊಮ್ಮೆಯೂ ಈ ಮುಳ್ಳು ಇಳಿದಿತ್ತು. ಆಗ ಇಜ್ಜಾ ಪಟ್ಟಣದ ಕಚೇರಿಗೆ ಫೋನು ಮಾಡಿ, ಸೈರನ್ ಒತ್ತಿ, ಕಣಿವೆಯ ಜನರನ್ನೆಲ್ಲ ಗುಡ್ಡ ಹತ್ತಿಸಿದ್ದಳು. ಮೇಲಿನವರ ಅಪ್ಪಣೆಯಂತೆ ಕೆರೆಯನ್ನು ಅರ್ಧ ಖಾಲಿ ಮಾಡಿದರು. ಕಡೆಗೆ ನೋಡಿದರೆ ಕೊಳವೆಯಲ್ಲಿ ಒಂದು ಹಿಡಿ ಜೇಡಿಮಣ್ಣು. ಆ ವರ್ಷ ಕಣಿವೆಯ ಈರುಳ್ಳಿಯೆಲ್ಲ ನೆಲದಲ್ಲೇ ಒಣಗಿತು. ಸಂತೆಗೆ ಹೋದರೆ ಹೆಂಗಸರು ತಮ್ಮ ಕೊಡಗಳ ಬಾಯಿಗೆ ಕೈ ಮುಚ್ಚಿ, "ನೀರು ಚೆಲ್ಲೋಳು ಬಂದ್ಲು, ಜೋಪಾನ," ಎನ್ನುತ್ತಿದ್ದರು. ಅತ್ತೆಯೂ ಒಮ್ಮೆ ಹಾಗೆಂದು ನಕ್ಕಿದ್ದಳು. ಅದೇ ಅವಳಿಗೆ ಹೆಚ್ಚು ನೋವು ಕೊಟ್ಟಿತ್ತು.

"ಮಣ್ಣೇ ಇರಬೇಕು," ಎಂದಳು ಇಜ್ಜಾ. ತನಗೆ ಕೇಳಲೆಂದೇ ಗಟ್ಟಿಯಾಗಿ ಅಂದಳು.

"ಮತ್ತಿನ್ನೇನು!"

ಅವಳು ಕೆಳಗಿನ ಕೊಳವೆಯ ನಲ್ಲಿಯನ್ನು ತಿರುಗಿಸಿದಳು. ಹಿಂದಿನ ಸಲ ಅಲ್ಲಿ ಕೆಸರಿನ ಎರಡು ಹನಿ ಬಿದ್ದು ನಿಂತುಹೋಗಿತ್ತು. ಈ ಸಲ ನೀರು ಚಿಮ್ಮಿ ಎದುರು ಗೋಡೆಗೆ ಬಡಿಯಿತು. ತಿಳಿಯಾದ, ಕೊರೆಯುವ ನೀರು. ಕೈಗೆ ಮೆತ್ತಿದ್ದ ಹಿಟ್ಟನ್ನೆಲ್ಲ ತೊಳೆದುಕೊಂಡು ಹೋಯಿತು.

"ನೋಡಿ, ಕೊಳವೆ ಸ್ವಚ್ಛ! ಹಂಗಾದ್ರೆ ಮಾಪಕಾನೇ ಮುದಿಯಾಗಿದೆ, ನನ್ನ ಹಾಗೆ," ಎಂದ ದ್ರಿಸ್.

ಇಜ್ಜಾ ಸ್ಪ್ಯಾನರ್ ತೆಗೆದುಕೊಂಡು ನಡುವಿನ ಮಾಪಕವನ್ನು ಕೆಳಕ್ಕೂ ಕೆಳಗಿನದನ್ನು ನಡುವಿಗೂ ಬದಲಾಯಿಸಿದಳು. ನಲ್ಲಿಗಳನ್ನು ತೆರೆದು ಇಬ್ಬರೂ ಕಾದರು. ಮುದಿಯೆನ್ನಿಸಿಕೊಂಡ ಮಾಪಕ ನಡುವಿನ ಜಾಗದಲ್ಲಿ ಸರಿಯಾಗಿಯೇ ತೋರಿಸಿತು. ಕೆಳಕ್ಕೆ ಹೋದ ಒಳ್ಳೆಯ ಮಾಪಕದ ಮುಳ್ಳು ಏರುತ್ತ ಬಂದು, ಬೇಕಾದ ಜಾಗಕ್ಕಿಂತ ಬಹಳ ಹಿಂದೆಯೇ ನಿಂತಿತು. ನಿಂತಿತು ಎನ್ನುವುದೂ ಸರಿಯಲ್ಲ. ಹಿಂದಿನ ಸಲ ಕೆಳಗಿನ ಮುಳ್ಳು ಗೋಡೆಗೆ ಅಂಟಿಕೊಂಡು ಸತ್ತ ಹಲ್ಲಿಯಂತಿತ್ತು. ಈಗ ಸಣ್ಣಗೆ ನಡುಗುತ್ತಿತ್ತು.

ದ್ರಿಸ್ ಅದನ್ನು ನೋಡಿದನೋ ಇಲ್ಲವೋ, ಕೈಯಲ್ಲಿದ್ದ ದೀಪವನ್ನು ಬೇರೆ ಕಡೆ ತಿರುಗಿಸಿದ.

ತೂದಾ ಮಾತ್ರ ಕಣ್ಣು ಕೀಳದೆ ನೋಡುತ್ತಿದ್ದಳು. ಒಂದು ಬೆರಳನ್ನು ಗಾಜಿನ ಮೇಲಿಟ್ಟು ತೆಗೆದಳು. ಮತ್ತೆ ಇಟ್ಟಳು.

"ಇಮ್ಮಾ..."

"ಮೇಲೆ ಹೋಗೋಣ ನಡಿ. ಇಲ್ಲಿ ಚಳಿ."

ಮೇಲೆ ಬಂದಾಗ ಬಿಸಿಲು ಏರಿತ್ತು. ಕೆಳಗಿನಿಂದ ತಮಟೆಯ ಸದ್ದು ಬಿಟ್ಟುಬಿಟ್ಟು ಕೇಳುತ್ತಿತ್ತು. ಯಾರೋ ಹದ ನೋಡುತ್ತಿದ್ದಿರಬೇಕು. ಸೈರನ್ನಿನ ಪೆಟ್ಟಿಗೆ ಹತ್ತು ಹೆಜ್ಜೆಯಾಚೆ, ಕಂಬಕ್ಕೆ ಬಿಗಿದಿತ್ತು. ಅದರ ಕೀಲಿ ಇಜ್ಜಾಳ ಎದೆಯ ಮೇಲೆ ತಣ್ಣಗೆ ತಾಗುತ್ತಿತ್ತು.

"ಒಂದೇ ದಿನ, ಲಲ್ಲಾ," ಎಂದ ದ್ರಿಸ್. ಅವನ ದನಿಯಲ್ಲೀಗ ತಮಾಷೆ ಇರಲಿಲ್ಲ. "ನಾಳೆ ಹೆಂಗೂ ಬಾಗಿಲು ಎತ್ತೇ ಎತ್ತೀವಿ. ಆಮೇಲೆ ಬೇಕಾದ್ರೆ ಇಡೀ ಕೊಳವೆ ಬಿಚ್ಚಿ ನೋಡಿ. ಇವತ್ತು ನೀವು ಸೈರನ್ ಒತ್ತಿ, ಮತ್ತೆ ಏನೂ ಇಲ್ಲ ಅಂತಾದ್ರೆ, ಈ ಜನ ನಿಮ್ಮನ್ನ ಇಲ್ಲಿ ಬಾಳೋಕೆ ಬಿಡಲ್ಲ. ನನ್ನನ್ನೂ ಬಿಡಲ್ಲ. ನನ್ನ ಹೆಂಡ್ತಿನೇ ಬಿಡಲ್ಲ."

"ನಿಮ್ಮ ಹೆಂಡ್ತಿ ಎಲ್ಲಿದ್ದಾಳೆ?"

"ಇನ್ನೆಲ್ಲಿ? ಅಲ್ಲೇ." ಅವನು ಗುಡಾರಗಳ ಕಡೆ ಗದ್ದ ಎತ್ತಿದ. "ನಿಮ್ಮತ್ತೆ ಜೊತೆ ಊಟಕ್ಕೆ ಕುಸ್ಕುಸ್ ರವೆ ಉಜ್ಜುತ್ತಾ ಕೂತಿದ್ದಾಳೆ. ಮೊಮ್ಮಕ್ಕಳನ್ನೂ ಕರ್ಕೊಂಡು ಹೋಗಿದ್ದಾಳೆ."

ಇಜ್ಜಾ ಬೇಲಿಯ ಕಂಬಿ ಹಿಡಿದು ಕೆಳಗೆ ನೋಡಿದಳು. ಗುಡಾರಗಳ ನಡುವೆ ಒಬ್ಬ ಮನುಷ್ಯ ಎದ್ದು ನಿಂತು ಕೈಬೀಸಿದ. ಅಷ್ಟು ದೂರದಿಂದ ಮುಖ ಕಾಣದು. ಆದರೆ ಹಳದಿ ಪೇಟ ಮೊಹಾನದೇ. ಅವಳೂ ಕೈ ಎತ್ತಿದಳು. ಏನೂ ಆಗಿಲ್ಲವೆನ್ನುವಂತೆ ಬೀಸಿದಳು. ಬೀಸಿದ ಮೇಲೆ ಕೈ ಇಳಿಸಲು ತೋಚದೆ ಹಾಗೆಯೇ ನಿಂತಳು.

ಒಂದೇ ದಿನ. ಈ ಬಾಗಿಲು ಇಷ್ಟು ದಿನ ನಿಂತಿಲ್ಲವೇ? ಹೊಸ ನೀರಿನ ಭಾರಕ್ಕೆ ಕಬ್ಬಿಣ ಸ್ವಲ್ಪ ಹೊಂದಿಕೊಳ್ಳುತ್ತಿರಬಹುದು. ನಾಳೆಯ ಹೊತ್ತಿಗೆ ಮುಳ್ಳು ತಾನಾಗಿಯೇ ಏರಲೂಬಹುದು.

"ಆಯ್ತು, ಸಿ ದ್ರಿಸ್," ಎಂದಳು. "ಸಂಜೆ ಇನ್ನೊಂದು ಸಲ ನೋಡೋಣ."

ದ್ರಿಸ್ ಉಸಿರು ಬಿಟ್ಟು ಟೋಪಿ ಹಾಕಿಕೊಂಡ. "ರೊಟ್ಟಿ ತಣ್ಣಗಾಗಿರುತ್ತೆ, ಪರವಾಗಿಲ್ಲ, ತಿಂತೀನಿ," ಎಂದು ಮುಂದೆ ಹೆಜ್ಜೆ ಹಾಕಿದ.

ತೂದಾ ಕದಲಲಿಲ್ಲ. ಹೋದ ತಿಂಗಳು ದೊಡ್ಡಿಯ ಮುಂದೆ ನಿಂತು ಅಮ್ಮ ಹೇಳಿದ್ದನ್ನು ಅವಳು ಮರೆತಿರಲಿಲ್ಲ. ಬಾಗಿಲು ಹಾಕಿದ್ದಾಗ ಕುರಿಗಳೆಲ್ಲ ಅದಕ್ಕೇ ಬಂದು ಒತ್ತುತ್ತಿದ್ದವು, ಹಲಗೆ ಕಿರ್ರೆನ್ನುವಷ್ಟು. ಮೂಲೆಯಲ್ಲಿ ಬೇಲಿ ಸಡಿಲವಾದದ್ದೇ ತಡ, ಆ ಮಗ್ಗುಲಿನವು ಒತ್ತುವುದನ್ನು ಬಿಟ್ಟು ಸದ್ದಿಲ್ಲದೆ ಹೊರಗೆ ಹರಿದುಹೋಗಿದ್ದವು. ನೀರೂ ಹೀಗೇ ಕಣೇ, ಎಂದಿದ್ದಳು ಅಮ್ಮ, ಬೇಲಿ ಕಟ್ಟುತ್ತ.

ಮಗಳು ಅಮ್ಮನ ಸೆರಗಿನ ತುದಿ ಹಿಡಿದೆಳೆದಳು. ಕೆಳಗೆ ತಮಟೆ ಒಂದು ಕ್ಷಣ ನಿಂತಿತು.

"ಇಮ್ಮಾ, ಕೆಳಗಿನ ನೀರು ಒತ್ತೋದು ಬಿಟ್ಟಿದೆ ಅಂದ್ರೆ, ಅದಕ್ಕೆ ದಾರಿ ಸಿಕ್ಕಿತಾ?"