ಮಗಳ ಆಟದ ಇಂಗ್ಲಿಷು, ನನ್ನ ಜಂಬ

ಮೊಬೈಲ್ ವಿಷಯಕ್ಕೆ ಮಕ್ಕಳ ಜೊತೆ ಜಗಳವಾಡದ ಮನೆ ನಿಮ್ಮ ಬೀದಿಯಲ್ಲಿ ಒಂದಾದರೂ ಇದ್ದರೆ ಹೇಳಿ, ನಾನೇ ಬಂದು ಕೈ ಮುಗಿದು ಹೋಗುತ್ತೇನೆ. ನಮ್ಮ ಮನೆಯಲ್ಲೂ ದಿನಾ ಅದೇ ರಗಳೆ. ಆದರೆ ಕಳೆದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ಆಗಿದ್ದು ಬರೀ ರಗಳೆಯಲ್ಲ. ಅವತ್ತು ನನ್ನ ಜೀವ ಬಾಯಿಗೆ ಬಂದಿತ್ತು.

ನನ್ನ ಹೆಸರು ಕಾಮಾಕ್ಷಿ. ಹಳ್ಳಿಮೈಸೂರಿನ ಪಕ್ಕದ ಊರು ನಮ್ಮದು. ಯಜಮಾನರು ಕೃಷ್ಣಪ್ಪ, ಬೇಸಾಯದ ಜೊತೆಗೆ ಎರಡು ಹಸು ಕಟ್ಟಿದ್ದಾರೆ. ಒಬ್ಬಳೇ ಮಗಳು ನಿಸರ್ಗ, ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಆ ಸೋಮವಾರ ಅವಳಿಗೆ ಪ್ರಿಪರೇಟರಿ ಪರೀಕ್ಷೆ, ಇಂಗ್ಲಿಷ್ ಪೇಪರ್. ಹತ್ತೂವರೆಗೆ ಶುರು, ಒಂಬತ್ತೂಕಾಲಿಗೆ ಬಸ್ಸು. ಎಂಟೂವರೆಯಾದರೂ ಹುಡುಗಿ ಕೋಣೆಯ ಚಿಲಕ ತೆಗೆದಿರಲಿಲ್ಲ.

ಹಿಂದಿನ ಸಂಜೆ ಅವರಪ್ಪ ಡೈರಿಗೆ ಹಾಲು ಹಾಕಿ ಬಂದು ನೋಡಿದರೆ, ಇವಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆಟದಲ್ಲಿ ಮುಳುಗಿದ್ದಳು. ಪುಸ್ತಕ ಮಂಚದ ಕೆಳಗೆ ಬಿದ್ದಿತ್ತು. ಅವರು ಮಾತೇ ಆಡಲಿಲ್ಲ, ಫೋನು ಕಿತ್ತುಕೊಂಡು ಆಫ್ ಮಾಡಿ ಜೇಬಿಗೆ ಹಾಕಿಕೊಂಡರು. "ಅಪ್ಪಾ, ಮ್ಯಾಚ್ ಮಧ್ಯದಲ್ಲಿದ್ದೀನಿ ಕೊಡಪ್ಪಾ" ಎಂದು ಅವಳು ಕಿರುಚಿದಳು. ಆಮೇಲೆ ಮಾತಿಲ್ಲ, ಊಟವಿಲ್ಲ. ಕೋಣೆಗೆ ಹೋಗಿ ಚಿಲಕ ಹಾಕಿಕೊಂಡವಳು ಬೆಳಗಾದರೂ ಹೊರಗೆ ಬರಲಿಲ್ಲ.

"ಲೇ ನಿಸರ್ಗಾ, ತೆಗೀತೀಯೋ ಇಲ್ಲ ಬಾಗ್ಲು ಮುರ್ದಾಕ್ಲೋ?" ಯಜಮಾನರು ಬಾಗಿಲು ಬಡಿದರು. "ಇವತ್ತು ಎಕ್ಸಾಮ್‌ಗೆ ಓಗ್ಲಿಲ್ಲ ಅಂದ್ರೆ ನಾಳಿಂದ ಇಸ್ಕೂಲೇ ಬ್ಯಾಡ ನಿಂಗೆ. ಓದಿದ್ದು ಸಾಕು. ಹಸ ನೋಡ್ಕೊಂಡು ಮನೇಲಿ ಬಿದ್ದಿರು!"

ಒಳಗಿಂದ ಒಂದು ಕೆಮ್ಮು ಕೇಳಿಸಿತು, ಅಷ್ಟೇ. ಮಗು ಚೆನ್ನಾಗಿದೆ ಎಂದೇನೋ ಗೊತ್ತಾಯಿತು. ಆದರೆ ನಮ್ಮವರು ಆಡಿದ್ದನ್ನು ಮಾಡುವ ಆಸಾಮಿ. ಅವರ ತಮ್ಮ ತನ್ನ ಮಗಳನ್ನು ಒಂಬತ್ತನೇ ಕ್ಲಾಸಿಗೇ ಬಿಡಿಸಿದಾಗ ಪಕ್ಕದಲ್ಲಿ ಕೂತು ಹೂಂಗುಟ್ಟಿದವರು ಇವರೇ. ಈಗ ಹಾರೆ ತರುತ್ತೇನೆಂದು ಕೊಟ್ಟಿಗೆಗೆ ಹೋದರು. ನಾನು ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದೆ.

ನಮ್ಮ ಪಂಚಾಯ್ತಿ ಲೈಬ್ರರಿಗೆ ಈಗ ಅರಿವು ಕೇಂದ್ರ ಎನ್ನುತ್ತಾರೆ. ಅದನ್ನು ನೋಡಿಕೊಳ್ಳುವ ಶೋಭಿತಾಳ ಮನೆ ಅದರ ಹಿಂದೆಯೇ. ಊರಿನ ಮಕ್ಕಳೆಲ್ಲ ಅವಳ ಹತ್ತಿರ ಬಾಯಿ ಬಿಡುತ್ತಾರೆ. ಅವಳು ತಲೆ ಬಾಚಿಕೊಳ್ಳುತ್ತಿದ್ದಳು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಯಾವ ಆಟ ಆಡ್ತಾಳೆ ಅಕ್ಕ?"

"ಗೊತ್ತಿಲ್ಲ ಕಣವ್ವ."

"ಯಾರ ಜೊತೆ ಆಡ್ತಾಳೆ?"

"ಅದೂ ಗೊತ್ತಿಲ್ಲ. ಆದ್ರೆ ಇಂಗ್ಲೀಸ್‌ನಾಗೇ ಮಾತಾಡ್ತಾಳೆ, ಎನಿಮಿ, ಕವರ್ ಮಿ ಅಂತ ಪಟಪಟ ಅಂತಾಳೆ. ಅದ್ಕೇ ನಾನೂ ಸುಮ್ನಿದ್ದೆ."

ಇಲ್ಲಿ ನಿಜ ಹೇಳಿಬಿಡುತ್ತೇನೆ, ನಾಚಿಕೆಯಾದರೂ ಸರಿ. ಆ ಹೆಡ್‌ಫೋನ್ ಕೊಡಿಸಿದವಳು ನಾನೇ. ಮಗಳು ಕೋಣೆಯಲ್ಲಿ ಕೂತು "ಎನಿಮಿ, ಎನಿಮಿ", "ಕವರ್ ಮಿ", "ಗೋ ಗೋ" ಎಂದು ಕೂಗುವಾಗ ನನ್ನ ಎದೆ ಉಬ್ಬುತ್ತಿತ್ತು. ಟ್ಯೂಷನ್ ಇಲ್ಲದೆ ನನ್ನ ಮಗಳು ಇಂಗ್ಲಿಷ್ ಕಲಿತಳು ಎಂದು ನಮ್ಮ ಹೆಂಗಸರ ಸಂಘದ ಮೀಟಿಂಗಿನಲ್ಲಿ ಹೇಳಿದ್ದೇ ಹೇಳಿದ್ದು. "ಅಂಗಾದ್ರೆ ನಿನ್ ಮಗ್ಳು ಡೀಸೀನೇ ಆಗ್ತಾಳೆ ಬುಡು" ಎಂದು ಪಕ್ಕದ ಮನೆ ನಂಜಮ್ಮ ಚುಚ್ಚಿದರೂ ನನಗೆ ನಾಟಲಿಲ್ಲ. ಅಂಥ ಜಂಬ ನನ್ನದು.

ಶೋಭಿತಾ ಜಡೆಯನ್ನು ಅರ್ಧಕ್ಕೇ ಬಿಟ್ಟು ಹೊರಟಳು. ದಾರಿಯಲ್ಲೇ ಹೇಳಿದಳು. "ಅಕ್ಕ, ಆಟದ ಇಂಗ್ಲಿಷ್ ಮಾತು ಅಂದ್ರೆ ಒಂದು ಐವತ್ತು ಇರಬಹುದು. ಅವನ್ನೇ ತಿರುಗಾಮುರುಗಾ ಅಂತಿರ್ತಾರೆ. ಅಷ್ಟರಿಂದ ಪರೀಕ್ಷೇಲಿ ಒಂದು ಲೆಟರ್ ಬರೆಯೋಕಾಗಲ್ಲ. ಆದ್ರೆ ಆ ಮಾತು ನಮಗೆ ಗೊತ್ತಿರಬೇಕು. ಇಲ್ದಿದ್ರೆ ಮಕ್ಕಳನ್ನ ಏನು ಅಂತ ಕೇಳೋದು?"

"ಈಗ ಅದನ್ನೆಲ್ಲ ಕಲಿಯಾಕೆ ಒತ್ತೆಲ್ಲವ್ವ? ಅಲ್ಲಿ ಬಾಗ್ಲು ಮುರೀತಾವ್ರೆ!"

"ನಡೀತಾನೇ ಕೇಳಿ. ಸ್ಕ್ವಾಡ್ ಅಂದ್ರೆ ಜೊತೇಲಿ ಆಡೋ ತಂಡ, ನಾಲ್ಕು ಜನ. ಒಬ್ಬರು ನಡುವೆ ಎದ್ದು ಹೋದ್ರೆ ಮಿಕ್ಕೋರಿಗೂ ಏಟು. ನಿನ್ನೆ ಅಣ್ಣ ಫೋನ್ ಕಿತ್ಕೊಂಡಾಗ ಆಗಿದ್ದು ಅದೇ. ವಾಯ್ಸ್ ಚಾಟ್ ಅಂದ್ರೆ ಆಡ್ತಾ ಆಡ್ತಾ ಮಾತಾಡೋದು. ಗುರುತಿಲ್ಲದೋರೂ ಅಲ್ಲಿರ್ತಾರೆ, ಬೈಗುಳಾನೂ ಇರುತ್ತೆ. ಡೈಲಿ ರಿವಾರ್ಡ್ ಅಂತ ಒಂದಿದೆ. ದಿನಾ ಬಂದ್ರೆ ಉಡುಗೊರೆ, ಒಂದಿನ ತಪ್ಪಿದ್ರೆ ಕೈತಪ್ಪುತ್ತೆ. ಮಕ್ಕಳು ಬಿಟ್ಟು ಹೋಗಬಾರದು ಅಂತಲೇ ಹಾಗೆ ಮಾಡಿರೋದು."

"ಆಳಾಗ್ ಓಗ್ಲಿ, ಎಂಥಾ ಜನ!"

"ಬೈಯೋದು ಆಮೇಲೆ ಅಕ್ಕ. ಬನ್ನಿ ಬೇಗ."

ಮನೆಗೆ ಬಂದಾಗ ಒಂಬತ್ತಕ್ಕೆ ಐದು ನಿಮಿಷವಿತ್ತು. ನಮ್ಮವರು ಹಾರೆಯ ತುದಿಯನ್ನು ಬಾಗಿಲ ಸಂದಿಗೆ ಕೊಟ್ಟಾಗಿತ್ತು.

"ಅಣ್ಣ, ಹತ್ತು ನಿಮಿಷ ಕೊಡಿ" ಎಂದಳು ಶೋಭಿತಾ.

"ನೋಡ್ ತಾಯಿ, ನಿಂಗಿದು ಗೊತ್ತಾಗಾಕಿಲ್ಲ. ಮೊಬೈಲ್ ಕಿತ್ಕೊಂಡು ಎರಡ್ ಬಿಟ್ರೆ ಎಲ್ಲಾ ಸರಿ ಓಯ್ತದೆ."

"ನಿನ್ನೆ ಕಿತ್ಕೊಂಡ್ರಲ್ಲ ಅಣ್ಣ. ಸರಿ ಹೋಯ್ತಾ?"

ಅವರು ಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದರು. ಹಾರೆಯನ್ನು ಮಾತ್ರ ಕೆಳಗಿಡಲಿಲ್ಲ.

ಶೋಭಿತಾ ನನ್ನ ಕಡೆ ತಿರುಗಿ, "ನಾನಲ್ಲ, ನೀವು ಮಾತಾಡಿ" ಎಂದಳು. "ನಂಗೇನ್ ಬತ್ತದವ್ವ?" ಎಂದೆ. "ಈಗ ನಾಲ್ಕು ಮಾತು ಕಲಿತ್ರಲ್ಲ, ಸಾಕು. ಬೈಬೇಡಿ, ಬುದ್ಧಿ ಹೇಳಬೇಡಿ. ಬರೀ ಕೇಳಿ."

ನಾನು ಬಾಗಿಲ ಮುಂದೆ ನೆಲದ ಮೇಲೆ ಕೂತೆ.

"ಮಗಾ, ನಿನ್ನೆ ಮ್ಯಾಚು ಮಧ್ಯದಾಗೇ ನಿಂತೋಯ್ತಲ್ಲ. ನಿನ್ ಸ್ಕ್ವಾಡ್ನೋರು ಸೋತೋದ್ರಾ?"

ಗಡಿಯಾರದಲ್ಲಿ ಒಂಬತ್ತು ದಾಟಿತ್ತು. ಇನ್ನೊಂದು ಮಾತು ಕೇಳಲೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದೆ. ಆಗ ಮಂಚ ಕಿರ್ ಎಂದಿತು.

"ಫೋನೇ ಇಲ್ವಲ್ಲ. ನಂಗೆ ಹೆಂಗೆ ಗೊತ್ತಾಗುತ್ತೆ?"

ಹದಿಮೂರು ತಾಸಿನ ಮೇಲೆ ಮಗಳು ಆಡಿದ ಮೊದಲ ಮಾತು. ನನಗೆ ಅಳು ಬಂತು, ನುಂಗಿಕೊಂಡೆ.

"ಯಾರ್ಯಾರವ್ರೆ ನಿನ್ ಸ್ಕ್ವಾಡಲ್ಲಿ?"

"ಇಬ್ರು ನಮ್ ಕ್ಲಾಸೋರು. ಇನ್ನೊಬ್ನು ಯಾರೋ. ಗೊತ್ತಿಲ್ಲ."

ಗುರುತಿಲ್ಲದ ಗಂಡಸಿನ ಜೊತೆ ನನ್ನ ಮಗಳು! ಬಾಯಿಗೆ ಬಂದದ್ದು ಬೈಗುಳವೇ. ಶೋಭಿತಾ ನನ್ನ ಭುಜ ಒತ್ತಿ ಹಿಡಿದಳು.

"ಅವ್ನು ವಾಯ್ಸ್ ಚಾಟಲ್ಲಿ ಬೈತಾನಾ ಮಗಾ?"

"ಸೋತ್ರೆ ಬೈತಾನೆ. ಕೆಟ್ಟದಾಗಿ."

"ಅವ್ನಿಗೆ ಎದ್ರುಕೊಂಡು ಎಕ್ಸಾಮ್‌ಗೆ ಓಗ್ತಿಲ್ವಾ?"

"ಅದಲ್ಲಮ್ಮ." ಅವಳು ಬಿಕ್ಕಿಬಿಕ್ಕಿ ಅಳತೊಡಗಿದಳು. "ನಂಗೆ ಇಂಗ್ಲಿಷ್ ಬರಲ್ಲ. ಪೇಪರ್ ನೋಡಿದ್ರೆ ಒಂದು ಪ್ಯಾರಾನೂ ಅರ್ಥ ಆಗಲ್ಲ. ಹೋದ್ಸಲ ಎಂಬತ್ತಕ್ಕೆ ಹದಿನೆಂಟು ಬಂತು, ನಾನೇ ನಿನ್ ಸೈನ್ ಹಾಕ್ಕೊಂಡು ಕೊಟ್ಟೆ. ನೀನು ಊರಿಗೆಲ್ಲ ನನ್ ಮಗ್ಳು ಇಂಗ್ಲಿಷ್ ಮಾತಾಡ್ತಾಳೆ ಅಂತ ಹೇಳ್ಕೊಂಡು ಬಂದಿದ್ದೀಯ. ಹೆಂಗಮ್ಮ ಹೇಳ್ಲಿ ನಿಂಗೆ? ಆಟದಲ್ಲಾದ್ರೆ ಸೋತ್ರೂ ತಿರ್ಗಾ ಶುರು ಮಾಡ್ಬೋದು. ಇಲ್ಲಿ ಎಲ್ರೂ ನಗ್ತಾರೆ."

ಕಪಾಳಕ್ಕೆ ಹೊಡೆದ ಹಾಗಾಯಿತು ನನಗೆ. ಬಾಗಿಲಾಚೆ ಕೂತು ಆ ಮಗು ಹೆದರುತ್ತಿದ್ದದ್ದು ಪರೀಕ್ಷೆಗಿಂತ ಹೆಚ್ಚಾಗಿ ನನ್ನ ಬಾಯಿಗೆ. "ತಪ್ಪು ನಂದು ಕಣ್ ಮಗಾ" ಎಂದೆ.

ಯಜಮಾನರು ಹಾರೆಯನ್ನು ಗೋಡೆಗೆ ಒರಗಿಸಿ ಬಾಗಿಲ ಹತ್ತಿರ ಬಂದರು.

"ನಿಸರ್ಗಾ, ಅದಿನೆಂಟ್ ಬಂದ್ರೆ ಬರ್ಲಿ ಬುಡವ್ವ. ಇವತ್ತು ಆದಷ್ಟು ಬರಿ. ಬಾ."

"ಸ್ಕೂಲ್ ಬಿಡಿಸ್ತೀನಿ ಅಂದ್ಯಲ್ಲಪ್ಪ?"

"ಕ್ವಾಪದಾಗೆ ಅಂದ್ಬುಟ್ಟೆ. ಬಿಡ್ಸಾಕಿಲ್ಲ. ನೀನ್ ಫೇಲಾದ್ರೂ ಬಿಡ್ಸಾಕಿಲ್ಲ ಕಣವ್ವ."

ಹೊರಗೆ ಬಸ್ಸು ಹಾರನ್ ಹೊಡೆದುಕೊಂಡು ಹೋಗಿಯೇ ಬಿಟ್ಟಿತು. ಅದೇ ಹೊತ್ತಿಗೆ ಚಿಲಕ ಸರಿದ ಸದ್ದು ಕೇಳಿತು. ಮುಖವೆಲ್ಲ ಊದಿಸಿಕೊಂಡು ನಿಂತಿದ್ದ ಮಗಳನ್ನು ನಾನು ಅಪ್ಪಿಕೊಂಡೆ. ಎರಡು ತುತ್ತು ಉಪ್ಪಿಟ್ಟು ತಿನ್ನಿಸುವಷ್ಟರಲ್ಲಿ ನಮ್ಮವರು ಗಾಡಿ ಸ್ಟಾರ್ಟ್ ಮಾಡಿದ್ದರು. ಹತ್ತೂಕಾಲಿಗೆ ಶಾಲೆ ಮುಟ್ಟಿದರಂತೆ.

ಸಂಜೆ ಶೋಭಿತಾ ಮತ್ತೆ ಬಂದಳು. ನಾವು ಮೂವರೂ ಅವಳ ಮುಂದೆ ಕೂತೆವು. ಆ ಗುರುತಿಲ್ಲದವನನ್ನು ನಿಸರ್ಗ ತಾನೇ ಬ್ಲಾಕ್ ಮಾಡಿ ತೋರಿಸಿದಳು. ಬ್ಲಾಕ್ ಅಂದರೆ ಅವನು ಇನ್ನು ಇವಳ ಜೊತೆ ಮಾತಾಡಲಾರ. ಸ್ಕ್ರೀನ್ ಟೈಮ್ ಎನ್ನುವುದನ್ನು ನಮ್ಮವರೇ ಬೆರಳಿಟ್ಟು ನೋಡಿದರು. ದಿನಕ್ಕೆ ಎಷ್ಟು ಹೊತ್ತು ಫೋನ್ ನೋಡಿದ್ದೇವೆ ಎಂದು ಫೋನೇ ಲೆಕ್ಕ ಇಡುತ್ತದೆ. ಅವಳದು ಐದು ತಾಸು ದಾಟಿತ್ತು.

"ಐದ್ ತಾಸಾ? ನಾನ್ ಹೊಲ್ದಾಗೂ ಅಷ್ಟೊತ್ ಇರಾಕಿಲ್ವಲ್ಲೇ!" ಎಂದರು.

ನಿಸರ್ಗ ನಕ್ಕಳು. ಆಮೇಲೆ ಟೈಮ್ ಲಿಮಿಟ್ ಎಷ್ಟೆಂದು ಅವಳೇ ಹೇಳಿದಳು. ಪರೀಕ್ಷೆ ಮುಗಿಯುವವರೆಗೆ ಭಾನುವಾರ ಒಂದೇ ತಾಸು. ಮ್ಯಾಚ್ ಶುರುವಾಗುವ ಮೊದಲೇ ಹೊತ್ತು ಗೊತ್ತು ಮಾಡುವುದು, ನಡುವೆ ಯಾರೂ ಕಿತ್ತುಕೊಳ್ಳಬಾರದು. ಓದುವಾಗ ಫೋನು ಅಡುಗೆಮನೆಯಲ್ಲಿ. ಕೊನೆಗೆ ಅವರಪ್ಪ ಒಂದು ಸೇರಿಸಿದರು: "ಅವಾಗ ನಂದೂ ಅಲ್ಲೇ ಮಡಗ್ತೀನಿ."

ಈಗ ಅವಳು ದಿನಾ ಅರಿವು ಕೇಂದ್ರಕ್ಕೆ ಹೋಗಿ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆಯುತ್ತಾಳೆ. ಏನು ಬರೆಯಲಿ ಎಂದಾಗ "ನಿನ್ನ ಆಟದ ವಿಷಯವೇ ಬರಿ" ಎಂದಳಂತೆ ಶೋಭಿತಾ. ಮೊದಲ ದಿನ ಬರೀ ಬಿಡಿ ಮಾತು. ಈಗ ತಪ್ಪೋ ಒಪ್ಪೋ, ಪೂರ್ತಿ ವಾಕ್ಯ ಬರುತ್ತಿದೆ.

ಆ ಪೇಪರಿನ ಅಂಕ ಮೊನ್ನೆ ಬಂತು. ಎಂಬತ್ತಕ್ಕೆ ಇಪ್ಪತ್ಮೂರು. ಪಾಸಿಲ್ಲ. ಆದರೆ ಬ್ಯಾಗಿನಿಂದ ಅದನ್ನು ತೆಗೆದು ತಂದು, "ಅಮ್ಮ, ಸೈನ್ ಹಾಕು" ಎಂದಳು. ನಾನು ಹಾಕಿದೆ. ಮುಖ್ಯ ಪರೀಕ್ಷೆಗೆ ಇನ್ನು ಮೂರು ವಾರ ಇದೆ. ಭಯ ಇದೆ, ಇಲ್ಲ ಎನ್ನುವುದಿಲ್ಲ. ಈಗ ಆ ಭಯವನ್ನು ಮೂವರೂ ಒಟ್ಟಿಗೆ ಕೂತು ಮಾತಾಡುತ್ತೇವೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಕ್ಕಳು ಆಡುವ ಆಟದ ನಾಲ್ಕು ಮಾತು ಕಲಿಯಿರಿ. ಗೊತ್ತಿಲ್ಲದಿದ್ದರೆ ಮಕ್ಕಳನ್ನೇ ಕೇಳಿ, ಅವರು ಖುಷಿಯಾಗಿ ಹೇಳಿಕೊಡುತ್ತಾರೆ. ಯಾರ ಜೊತೆ ಆಡುತ್ತೀಯ, ಯಾರಾದರೂ ಬೈಯುತ್ತಾರಾ ಎಂದು ಕೇಳಿ. ಮಗು ಊಟ ನಿದ್ದೆ ಬಿಟ್ಟು ಆಟಕ್ಕೇ ಅಂಟಿಕೊಂಡಿದ್ದರೆ ಹೊಡೆಯಬೇಡಿ. ಮೇಷ್ಟ್ರ ಹತ್ತಿರ ಮಾತಾಡಿ, ಇಲ್ಲವೇ ಮನಸ್ಸಿನ ತೊಂದರೆಗೆಂದೇ ಸರ್ಕಾರ ಇಟ್ಟಿರುವ 14416 ಟೆಲಿ ಮಾನಸ್ ನಂಬರಿಗೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇವತ್ತೇ ನಿಮ್ಮ ಮಗುವಿನ ಪಕ್ಕ ಕೂತು ಒಂದು ಪ್ರಶ್ನೆ ಕೇಳಿ. ಉತ್ತರ ಮುಗಿಯುವ ತನಕ ನಡುವೆ ಬಾಯಿ ಹಾಕಬೇಡಿ. ಅಷ್ಟನ್ನು ಕಲಿಯಲು ನನಗೆ ಹದಿನೈದು ವರ್ಷ ಹಿಡಿಯಿತು.