ಕಪ್ಪೆಯಾದ ಮೇಷ್ಟ್ರು

ಐವತ್ತಾರನೇ ಇಸವಿಯಲ್ಲಿ ನಾನು ಚಾಮರಾಜನಗರದಲ್ಲಿ ಮೇಷ್ಟ್ರ ಟ್ರೈನಿಂಗಿಗೆ ಸೇರಿದೆ. ಅಲ್ಲಿ ನಾನು ಏನು ಓದಬೇಕು ಅನ್ನುವುದನ್ನು ನಮ್ಮಪ್ಪ ಚಿಕ್ಕಬಸವಯ್ಯ ನಮ್ಮೂರು ಭೀಮನಬೀಡಿನ ಜಗಲಿಯ ಮೇಲೆ ಕೂತೇ ತೀರ್ಮಾನ ಮಾಡಿಬಿಟ್ಟಿದ್ದ. ಅವನಿಗೆ ಒಂದಕ್ಷರ ಬಾರದು. ಅದೇನೂ ಅವನಿಗೆ ಅಡ್ಡಿಯಾಗಲಿಲ್ಲ.

"ಪುಟ್ಮಾದು, ದೊಡ್ ಕ್ಲಾಸ್ ತಕೊ, ಲೆಕ್ಕ ತಕೊ. ಕೋಟಾಕ್ಕಂಡು ಕೋಲಿಡ್ಕಂಡು ಬಂದ್ರೆ ಊರೇ ಎದ್ದು ನಿಂತ್ಕಬೇಕು ಕಣ್ಲಾ. ಆಗ್ನಿಲ್ವಾ, ಬಂದು ನೇಗ್ಲಿಡಿ."

ಟ್ರೈನಿಂಗಿನಲ್ಲಿ ದಾರಿ ಎರಡಿತ್ತು. ದೊಡ್ಡ ಕ್ಲಾಸು ಬೇಕೆಂದವರಿಗೆ ಲೆಕ್ಕ, ಚರಿತ್ರೆ. ಒಂದನೇ ಕ್ಲಾಸು ಬೇಕೆಂದವರಿಗೆ ಹಾಡು, ಕಥೆ, ಕುಣಿತ. ಸುಮ್ಮನೆ ನೋಡೋಣವೆಂದು ಅಲ್ಲೇ ಇದ್ದ ಮಕ್ಕಳ ಶಾಲೆಯ ಒಂದನೇ ಕ್ಲಾಸಿನಲ್ಲಿ ಒಂದು ಬೆಳಿಗ್ಗೆ ಕೂತೆ. ಒಂದು ಹೆಣ್ಣುಮಗು ನೆಟ್ಟಗೆ ಬಂದು, ನಿಜದ್ದೋ ಸುಳ್ಳೋ ಅಂತ ನನ್ನ ಮೀಸೆ ಎಳೆದು ನೋಡಿತು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಚಿಕ್ಕ ಕ್ಲಾಸಿಗೇ ಹೆಸರು ಕೊಟ್ಟೆ.

ಊರಿಗೆ ಹೋದಾಗೆಲ್ಲ ಅಪ್ಪ, "ಲೆಕ್ಕ ಎಂಗದ್ಲಾ?" ಅನ್ನುತ್ತಿದ್ದ. "ನಡೀತಾ ಅದೆ" ಅನ್ನುತ್ತಿದ್ದೆ. ಗೊತ್ತಾದರೆ ಮಾರನೇ ದಿನವೇ ನನ್ನನ್ನು ನೇಗಿಲ ಹಿಂದೆ ನಿಲ್ಲಿಸುತ್ತಾನೆ ಅಂತ ಜೀವ ಪುಕಪುಕ.

ಒಂದು ದಿನ ಅರಿಸಿನ ಮಾರಲು ಪೇಟೆಗೆ ಬಂದವನು ಹೇಳದೆ ಕೇಳದೆ ನಮ್ಮ ಶಾಲೆಗೇ ಬಂದುಬಿಟ್ಟ. ನನ್ನ ಮೇಷ್ಟ್ರಿಕೆಗೆಂದು ಪುಣಜನೂರಿನ ಕಡೆಯಿಂದ ತರಿಸಿದ ಬಿದಿರ ಕೋಲಿಗೆ ಎಣ್ಣೆ ತಿಕ್ಕಿ, ಕಂಕುಳಲ್ಲಿ ಇಟ್ಟುಕೊಂಡಿದ್ದ. ನಾನೋ ಪಂಚೆ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ವಟವಟ ಅನ್ನುತ್ತಾ ಕಪ್ಪೆಯಾಗಿ ನೆಗೆಯುತ್ತಿದ್ದೆ. ಹಿಂದೆ ಮಕ್ಕಳೂ ನೆಗೆಯುತ್ತಿದ್ದವು. ಬಾಗಿಲಲ್ಲಿ ಅಪ್ಪನ ರುಮಾಲು ಕಂಡಿತು. ನನ್ನ ನೆಗೆತ ಅಲ್ಲೇ ನಿಂತಿತು. ಮಕ್ಕಳಿಗೇನು, ಅವು ನಿಲ್ಲಿಸಲಿಲ್ಲ. ಮೀಸೆ ಎಳೆದವಳು ಅಪ್ಪನ ಕಾಲ ಬುಡದವರೆಗೂ ನೆಗೆದು ಹೋಗಿ, ತಲೆಯೆತ್ತಿ ವಟ ಅಂದಳು.

ಗಂಟೆ ಹೊಡೆದ ಮೇಲೆ ಅಪ್ಪನ ಜೊತೆ ಬಸ್ ಸ್ಟ್ಯಾಂಡಿಗೆ ನಡೆದೆ. ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತಾ ಕೇಳಿದ, "ಇದ್ನೇನ್ಲಾ ನೀನು ಓದ್ತಿರದು?"

"ಊ ಕಣಪ್ಪ. ಲೆಕ್ಕ ತಕೊಳ್ನಿಲ್ಲ. ನಂಗೆ ಇದೇ ಬೇಕು."

ಮುಗಿಯಿತು, ಇವತ್ತೇ ಊರಿಗೆ ಹೊರಡಿಸುತ್ತಾನೆ ಅಂದುಕೊಂಡೆ. ಅವನು ಕೋಲನ್ನು ಮೊಣಕಾಲ ಮೇಲೆ ಉರುಳಿಸುತ್ತಾ ಕೂತಿದ್ದ.

"ನಾನೂ ಒಂದಿನ ಅಕ್ಸರ ಕಲಿಯಕ್ಕೆ ಕೂಲಿಮಠಕ್ಕೆ ಓಗಿದ್ದೆ. ಅಯ್ನೋರು ಕೋಲ್ ಎತ್ತುದ್ರು. ಓಡೋಗಿ ಅರಿಸಿನದ ವಲ್ದಲ್ಲಿ ಬಚ್ಚಿಟ್ಕಂಡೆ. ತಿರ್ಗಾ ಆ ಕಡೀಕೆ ಓಗ್ನೇ ಇಲ್ಲ." ಕೋಲಿನ ತುದಿಯನ್ನು ನೆಲಕ್ಕೂರಿ ಹೇಳಿದ, "ಅಯ್ನೋರು ಅವತ್ತು ಕಪ್ಪೆ ಆಗಿದ್ರೆ ನಾನೂ ಕುಂತ್ಕತಿದ್ದೆ ಕಣ್ಲಾ."

ಅಪ್ಪನ ಮೇಲೆ ಅಷ್ಟು ಪ್ರೀತಿ ಹಿಂದೆ ಯಾವತ್ತೂ ಬಂದಿರಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಅವನು ಕೋಲು ಹಿಡಿದೇ ಹತ್ತಿದ.

"ಅಪ್ಪಾ, ಕೋಲು?" ಅಂದೆ.

"ಎತ್ತಿಗಾಯ್ತದೆ ಬುಡು" ಅಂದ.